ಹುವಾರೊಚಿರಿಯ ಕೆಚುವಾ ಗ್ರಂಥ

ಒಂದು ಮತವನ್ನು ನಿರ್ಮೂಲಮಾಡಬೇಕೆಂದು ಹೊರಟವರು ಸಂಗ್ರಹಿಸಿದ ಬರೆಹವೇ ಮುಂದೆ ಆ ಮತವನ್ನರಿಯುವುದಕ್ಕೆ ಮುಖ್ಯವಾದ ಆಕರವಾಗಿ ಉಳಿಯುವುದು ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಚಾರ್ವಾಕರ ಸಿದ್ಧಾಂತವನ್ನು ನಾವು ಬಹುಮಟ್ಟಿಗೆ ಅದರ ಖಂಡನಕಾರರ ಬಾಯಿಂದಲೇ ಕೇಳಿ ತಿಳಿದಿದ್ದೇವೆ. ಪೂರ್ವಪಕ್ಷವನ್ನು ಎತ್ತಿಕೊಂಡವನು ಅದನ್ನು ಯಥಾವತ್ತಾಗಿ ಅನುವಾದಿಸಿದ್ದಾನೆಯೇ, ಅಥವಾ ಖಂಡಿಸುವುದಕ್ಕೆ ಅನುಕೂಲವಾಗುವಂತೆ ಬಗ್ಗಿಸಿಕೊಂಡಿದ್ದಾನೆಯೇ ಎಂಬ ಶಂಕೆಯು ಅಂತಹ ಸ್ಥಳಗಳಲ್ಲಿ ತಪ್ಪದೆ ತಲೆದೋರುತ್ತದೆ. ಈ ಶಂಕೆಯನ್ನು ಒರೆಗೆ ಹಚ್ಚುವುದಕ್ಕೆ ತಕ್ಕುದಾದ ಒಂದು ಉದಾಹರಣೆಯು ನಮ್ಮ ದೇಶಕ್ಕೆ ಅತಿದೂರವಾದ ಪೆರು ದೇಶದಲ್ಲಿದೆ. ಅದು ಅಲ್ಲಿಯ ಹುವಾರೊಚಿರಿ ಎಂಬ ಬೆಟ್ಟದ ಸೀಮೆಯಲ್ಲಿ ೧೬೦೮ರ ಸುಮಾರಿಗೆ ಕೆಚುವಾ ಭಾಷೆಯಲ್ಲಿ ಬರೆಯಲ್ಪಟ್ಟ ಗ್ರಂಥ. ಆ ಕಾಲದಲ್ಲಿ ಆಂಡೀಸ್ ಪರ್ವತಪ್ರದೇಶದ ದೇಶಭಾಷೆಯೊಂದರಲ್ಲಿಯೇ ರಚಿತವಾಗಿ, ಅಲ್ಲಿಯ ಪೂರ್ವಧರ್ಮವನ್ನು ಇಷ್ಟು ವಿಸ್ತಾರವಾಗಿ ನಿರೂಪಿಸುವ ಗ್ರಂಥವು ಇದೊಂದೇ. ಬರೆದ ಕೈ ಕ್ರೈಸ್ತನಾದ ದೇಶೀಯನದು. ಅಂಚುಗಳಲ್ಲಿ ಟಿಪ್ಪಣಿ ಹಾಕಿದ ಕೈ ಆ ಸೀಮೆಯ ದೇವತೆಗಳನ್ನು ಸುಟ್ಟ ಪಾದ್ರಿಯದು. ಇಂತಹ ಕೈಗಳ ನಡುವೆ ಸಿಕ್ಕಿದ ಮಾತಿನಲ್ಲಿ ಬೆಟ್ಟದ ಜನರ ಸ್ವಂತ ಧ್ವನಿಯು ಎಷ್ಟರಮಟ್ಟಿಗೆ ಉಳಿದಿದೆಯೆಂಬುದೇ ಪ್ರಕೃತ ವಿಚಾರ.

ಮೊದಲು ದೇಶಕಾಲಗಳನ್ನು ಸಂಗ್ರಹವಾಗಿ ಹೇಳಬೇಕು. ೧೫೩೨ರಲ್ಲಿ ಪಿಜಾರೋ ಎಂಬ ಸ್ಪೇನ್ ದೇಶದ ಸಾಹಸಿಗನು ಇಂಕಾ ಅರಸನಾದ ಅತಾಹುವಾಲ್ಪನನ್ನು ಸೆರೆಹಿಡಿದನು. ೧೫೩೫ರಲ್ಲಿ ಕಡಲತೀರದಲ್ಲಿ ಲೀಮಾ ನಗರವನ್ನು ಸ್ಥಾಪಿಸಿದನು. ಸೈನ್ಯದ ಹಿಂದೆಯೇ ದೊಮಿನಿಕನ್ ಮೊದಲಾದ ಸಂನ್ಯಾಸಿಸಂಘಗಳವರು ಬಂದರು. ೧೫೬೮ರಲ್ಲಿ ಯೇಸುಸಭೆಯವರು ಬಂದು ಸೇರಿದರು. ೧೫೭೦ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೇದೊ ಎಂಬವನು ಬೆಟ್ಟಗಳಲ್ಲಿ ಚದರಿಕೊಂಡಿದ್ದ ಸಣ್ಣಸಣ್ಣ ಹಟ್ಟಿಗಳನ್ನು ಬಿಡಿಸಿ, ನಡುವೆ ಚೌಕವೂ ಚೌಕದಲ್ಲಿ ದೇವಾಲಯವೂ ಇರುವ ಹೊಸ ಊರುಗಳಿಗೆ ಜನರನ್ನು ಒಟ್ಟುಗೂಡಿಸಿದನು. ತೆರಿಗೆಗೂ ಬಿಟ್ಟಿಗೂ ಇದರಿಂದ ಸೌಕರ್ಯವಾಯಿತು. ಮತಬೋಧನೆಗೂ ಆಗಬೇಕೆಂಬುದು ಉದ್ದೇಶವಾಗಿದ್ದಿತು. ಆದರೆ ಜನರು ಹೊಸ ಊರಿಗೆ ಬಂದರೇ ಹೊರತು ಅವರ ಹುವಾಕಗಳು ಇದ್ದಲ್ಲಿಯೇ ಉಳಿದುವು. ಹುವಾಕವೆಂದರೆ ಕೇವಲ ವಿಗ್ರಹವೆಂದು ತಿಳಿಯಲಾಗದು. ಹಿಮದ ಶಿಖರ, ನೀರಿನ ಬುಗ್ಗೆ, ವಿಲಕ್ಷಣವಾದ ಬಂಡೆ, ಗುಹೆಯಲ್ಲಿ ಒಣಗಿಸಿಟ್ಟ ಕುಲಮೂಲಪುರುಷನ ಶರೀರ ಇವೆಲ್ಲವೂ ಆ ಮಾತಿನಲ್ಲಿ ಅಡಗುತ್ತವೆ. ಇವುಗಳಲ್ಲಿ ಶರೀರಗಳನ್ನು ಸುಡಬಹುದು, ಕಲ್ಲುಗಳನ್ನು ಒಡೆಯಬಹುದು. ಶಿಖರವನ್ನು ಏನುಮಾಡುವುದು? ಶಿಖರದ ಮೇಲೊಂದು ಶಿಲುಬೆಯನ್ನು ನೆಡುವುದೇ ಪಾದ್ರಿಗಳಿಗೆ ತೋರಿದ ಉಪಾಯ. ಶಿಲುಬೆಗೆ ಕೈಮುಗಿಯುವವನು ಯಾವುದಕ್ಕೆ ಕೈಮುಗಿಯುತ್ತಿದ್ದಾನೆಂಬ ಸಂದೇಹವು ಅಂದಿನಿಂದ ಅವರನ್ನು ಬಿಡಲೇ ಇಲ್ಲ.

ಈ ಪಾದ್ರಿಗಳು ಭಾಷೆಯ ವಿಷಯದಲ್ಲಿ ಪಟ್ಟ ಶ್ರಮವು ಅಸಾಧಾರಣವಾದುದು. ದೊಮಿನಿಕನ್ ಸಂಘದ ದೊಮಿಂಗೊ ದೆ ಸಾಂತೊ ತೊಮಾಸ್ ಎಂಬವನು ೧೫೬೦ರಲ್ಲಿ ಸ್ಪೇನಿನ ವಯ್ಯದೊಲಿದ್ ಪಟ್ಟಣದಲ್ಲಿ ಕೆಚುವಾ ವ್ಯಾಕರಣವನ್ನೂ ನಿಘಂಟುವನ್ನೂ ಅಚ್ಚುಹಾಕಿಸಿದನು. ೧೫೮೨-೮೩ರಲ್ಲಿ ಲೀಮಾದಲ್ಲಿ ಆರ್ಚ್‌ಬಿಷಪ್ ತೊರೀಬಿಯೊ ದೆ ಮೊಗ್ರೊವೇಹೊ ಎಂಬವನ ಅಧ್ಯಕ್ಷತೆಯಲ್ಲಿ ಮೂರನೆಯ ಧರ್ಮಸಭೆಯು ನೆರೆಯಿತು. ಅದರ ಆಜ್ಞೆಯಂತೆ ಸ್ಪ್ಯಾನಿಷ್, ಕೆಚುವಾ, ಐಮಾರ ಎಂಬ ಮೂರು ಭಾಷೆಗಳಲ್ಲಿ ೧೫೮೪ರಲ್ಲಿ ಹೊರಬಿದ್ದ ಧರ್ಮಬೋಧಿನಿಯೇ ದಕ್ಷಿಣ ಅಮೆರಿಕೆಯಲ್ಲಿ ಅಚ್ಚಾದ ಮೊದಲನೆಯ ಪುಸ್ತಕವೆಂದು ಪ್ರಸಿದ್ಧವಾಗಿದೆ. ಪಾಪನಿವೇದನೆಯ ಕೈಪಿಡಿಯೂ ಉಪದೇಶಗಳ ಸಂಗ್ರಹವೂ ಮರುವರ್ಷ ಬಂದುವು. ಯೇಸುಸಭೆಯ ಗೊನ್ಸಾಲೆಸ್ ಓಲ್ಗಿನ್ ಎಂಬವನ ವ್ಯಾಕರಣವು ೧೬೦೭ರಲ್ಲಿ, ನಿಘಂಟು ೧೬೦೮ರಲ್ಲಿ ಪ್ರಕಟವಾದುವು. ಅದೇ ಸಭೆಯವರು ಅದೇ ಕಾಲದಲ್ಲಿ ನಮ್ಮ ಪಡುವಣ ಕರಾವಳಿಯ ಗೋವೆಯಲ್ಲಿಯೂ ಇದೇ ಬಗೆಯ ಕೆಲಸದಲ್ಲಿ ತೊಡಗಿದ್ದರೆಂಬುದನ್ನೂ, ತೋಮಾಸ್ ಸ್ಟೀಫನ್ಸನ ಕೊಂಕಣಿ ವ್ಯಾಕರಣವು ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತೆಂಬುದನ್ನೂ ವಾಚಕರು ಬಲ್ಲರು.

ಭಾಷೆಯನ್ನು ಕಲಿಯುವುದು ಒಂದು ಕಷ್ಟವಾದರೆ ಕಲಿತ ಭಾಷೆಯಲ್ಲಿ ತಮ್ಮ ಮತವನ್ನು ಹೇಳುವುದು ಬೇರೊಂದು ಕಷ್ಟ. ಮೂರನೆಯ ಧರ್ಮಸಭೆಯವರು ಈಶ್ವರನಿಗೆ ಕೆಚುವಾ ಪದವನ್ನು ಬಳಸದೆ ‘ದಿಯೋಸ್’ ಎಂಬ ಸ್ಪ್ಯಾನಿಷ್ ಪದವನ್ನೇ ಉಳಿಸಿಕೊಂಡರು. ಆತ್ಮಕ್ಕೆ ದೊಮಿಂಗೊ ‘ಕಾಮಾಕೆನ್’ ಎಂಬ ಪದವನ್ನು ಬಳಸಿದ್ದನು. ಅದು ಒಂದು ವಸ್ತುವಿಗೆ ಚೈತನ್ಯವನ್ನೂ ಸ್ವರೂಪವನ್ನೂ ಕೊಡುವ ಶಕ್ತಿಯನ್ನು ಹೇಳುವ ಪದ. ಹುವಾಕಗಳಿಗೂ ಅದೇ ಪದವು ಸಲ್ಲುತ್ತಿದ್ದುದರಿಂದಲೇ ಇರಬೇಕು, ಧರ್ಮಸಭೆಯವರು ಅದನ್ನು ಕೈಬಿಟ್ಟು ‘ಆನಿಮಾ’ ಎಂಬ ಪರಕೀಯಪದವನ್ನೇ ತಂದರು. ಆದರೆ ಎಲ್ಲ ಪದಗಳನ್ನೂ ಹೀಗೆ ಹೊರಗಿನಿಂದ ತರುವುದಾಗಲಿಲ್ಲ. ಪಾಪಕ್ಕೆ ‘ಹುಚ’ ಎಂಬ ಮಾತನ್ನು ಆರಿಸಿಕೊಂಡರು. ಆ ಮಾತಿಗೆ ಪಾಪವೆಂದೂ ವ್ಯವಹಾರವೆಂದೂ ವ್ಯಾಜ್ಯವೆಂದೂ ಓಲ್ಗಿನ್ ಅರ್ಥ ಬರೆದಿದ್ದಾನೆ. ಸಲ್ಲಿಸಬೇಕಾದುದನ್ನು ಸಲ್ಲಿಸದೆ ಉಳಿಸಿಕೊಂಡ ಬಾಕಿ ಎಂಬ ಭಾವವು ಅದರಲ್ಲಿದೆ. ನಮ್ಮ ‘ಋಣ’ ಶಬ್ದಕ್ಕೆ ಅದು ಹತ್ತಿರವೆಂದು ತೋರುತ್ತದೆ. ಹುವಾಕಕ್ಕೆ ಸಲ್ಲಿಸಬೇಕಾದ ಪೂಜೆಯನ್ನು ಬಿಟ್ಟದ್ದೂ ಹುಚವೇ. ಇನ್ನು ಸೈತಾನನಿಗೆ ‘ಸುಪಾಯ್’ ಎಂದರು. ದೊಮಿಂಗೊವಿನ ನಿಘಂಟಿನಲ್ಲಿ ಈ ಮಾತು ಒಳ್ಳೆಯ ದೇವದೂತನಿಗೂ ಕೆಟ್ಟ ದೇವದೂತನಿಗೂ ಸಮಾನವಾಗಿ ಸಲ್ಲುತ್ತದೆ. ಒಳಿತು ಕೆಡುಕುಗಳನ್ನು ತಿಳಿಸುವುದಕ್ಕೆ ಬೇರೆ ವಿಶೇಷಣ ಬೇಕಾಗುತ್ತಿದ್ದಿತು. ಒಂದು ತಲೆಮಾರು ಕಳೆಯುವುದರೊಳಗೆ ಬೋಧನಗ್ರಂಥಗಳಲ್ಲಿ ಅದರ ಒಳ್ಳೆಯ ಅರ್ಥವು ಅಳಿಸಿಹೋಯಿತು. ನಮ್ಮಲ್ಲಿ ‘ಅಸುರ’ ಶಬ್ದಕ್ಕೆ ವೇದಕಾಲದಿಂದ ಪುರಾಣಕಾಲಕ್ಕೆ ಬರುವಷ್ಟರಲ್ಲಿ ಆದ ಗತಿಯನ್ನು ಇದರೊಡನೆ ಹೋಲಿಸಬಹುದು. ಭೇದವಿಷ್ಟೇ, ಇಲ್ಲಿ ಶತಮಾನಗಳು ಹಿಡಿದುದು ಅಲ್ಲಿ ಇಪ್ಪತ್ತೈದು ವರ್ಷಗಳಲ್ಲಿ, ಒಂದು ಸಭೆಯ ನಿರ್ಣಯದಿಂದ ನಡೆಯಿತು.

ಈಗ ಹುವಾರೊಚಿರಿಗೆ ಬರೋಣ. ಅದು ಲೀಮಾ ನಗರಕ್ಕೆ ಪೂರ್ವದಲ್ಲಿರುವ ಬೆಟ್ಟದ ಸೀಮೆ. ರೀಮಾಕ್, ಲೂರಿನ್, ಮಾಲಾ ಎಂಬ ನದಿಗಳು ಅಲ್ಲಿಂದ ಇಳಿದು ಬಂದು ಪಡುವಣ ಕಡಲನ್ನು ಸೇರುತ್ತವೆ. ಸೀಮೆಗೆಲ್ಲ ಅಧಿದೇವತೆಯಾದವನು ಪರಿಯಕಾಕ. ಎರಡು ಕೋಡುಳ್ಳ ಒಂದು ಹಿಮಶಿಖರಕ್ಕೂ ಅವನಿಗೂ ಒಂದೇ ಹೆಸರು. ಇಲ್ಲಿಯ ಸಾನ್ ದಾಮಿಯಾನ್ ಎಂಬ ಊರಿಗೆ ೧೫೯೭ರಲ್ಲಿ ಪಾದ್ರಿಯಾಗಿ ಬಂದವನು ಫ್ರಾನ್ಸಿಸ್ಕೊ ದೆ ಆವಿಲಾ. ಇವನು ಕುಸ್ಕೊ ನಗರದಲ್ಲಿ ತಂದೆತಾಯಿಗಳಾರೆಂದು ತಿಳಿಯದ ಕೂಸಾಗಿ ದೊರೆತು, ಅನ್ಯರ ಮನೆಯಲ್ಲಿ ಬೆಳೆದು, ಯೇಸುಸಭೆಯವರ ಶಾಲೆಯಲ್ಲಿ ಓದಿದವನು. ಮಿಶ್ರಸಂತಾನದವನೆಂಬ ಕಾರಣದಿಂದ ಆ ಸಭೆಯವರು ಮುಂದೆ ಇವನನ್ನು ತಮ್ಮೊಳಗೆ ಸೇರಿಸಿಕೊಳ್ಳಲಿಲ್ಲ. ಕೆಚುವಾ ಭಾಷೆಯಲ್ಲಿ ಇವನ ಪಾಂಡಿತ್ಯವನ್ನು ಮಾತ್ರ ಯಾರೂ ಸಂದೇಹಿಸಿಲ್ಲ.

ಆವಿಲಾ ತನ್ನ ವೃತ್ತಾಂತವನ್ನು ತಾನೇ ಬರೆದಿದ್ದಾನೆ. ೧೬೦೮ರ ಆಗಸ್ಟ್ ತಿಂಗಳಲ್ಲಿ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ ಪಕ್ಕದ ಊರಿನ ಪಾದ್ರಿಯು ಇವನನ್ನು ಕರೆದನಂತೆ. ಆಗ ಡಾನ್ ಕ್ರಿಸ್ತೋಬಾಲ್ ಚೋಕೆಕಾಸ ಎಂಬ ದೇಶೀಯ ಮುಖಂಡನು ಬಂದು, ಜನರು ನೆರೆಯುತ್ತಿರುವುದು ಮರಿಯಮ್ಮನ ಹೆಸರಿನಲ್ಲಾದರೂ ಅಲ್ಲಿ ನಡೆಯುವುದು ಪರಿಯಕಾಕನ ಮತ್ತು ಚೌಪಿಞಮ್ಕ ಎಂಬ ದೇವಿಯ ಉತ್ಸವವೆಂದು ತಿಳಿಸಿದನಂತೆ. ಅದನ್ನು ಕೇಳಿ ಪಾದ್ರಿಯ ಕಣ್ಣು ತೆರೆಯಿತಂತೆ. ವಿಚಾರಣೆಗೆ ಕೈಹಾಕಿದುದರಿಂದ ಕೆರಳಿದ ಜನರು ತನ್ನ ಮೇಲೆ ಸುಳ್ಳು ದೂರುಗಳನ್ನು ಹೊರಿಸಿದರಂತೆ. ಈ ಕಥೆಯನ್ನು ಅವನು ಬರೆದದ್ದು ಮುಪ್ಪಿನಲ್ಲಿ, ತನ್ನ ಉಪದೇಶಸಂಗ್ರಹದ ಪೀಠಿಕೆಯಲ್ಲಿ. ಮೂವತ್ತೇಳು ವರ್ಷಗಳ ಹಿಂದಿನ ಮಾತು.

ನ್ಯಾಯಾಲಯದ ಕಾಗದಪತ್ರಗಳು ಬೇರೆ ಕ್ರಮವನ್ನು ಹೇಳುತ್ತವೆ. ಸಾನ್ ದಾಮಿಯಾನಿನ ಜನರು ಆವಿಲಾನ ಮೇಲೆ ಮೊಕದ್ದಮೆ ಹೂಡಿದ್ದು ೧೬೦೭ರಲ್ಲಿಯೇ. ಕೂಲಿ ಕೊಡದೆ ದುಡಿಸಿಕೊಂಡನು, ಊರನ್ನು ಬಿಟ್ಟು ಲೀಮಾದಲ್ಲಿ ಕಾಲಕಳೆದನು, ಸ್ತ್ರೀಯರ ವಿಷಯದಲ್ಲಿ ಮರ್ಯಾದೆ ಮೀರಿದನು ಎಂದು ಮೊದಲಾಗಿ ನೂರಕ್ಕೆ ಮೇಲ್ಪಟ್ಟ ಆರೋಪಗಳು ಅದರಲ್ಲಿದ್ದುವು. ಕೆಲವು ಕಾಲ ಅವನನ್ನು ಬಂಧನದಲ್ಲಿಯೂ ಇರಿಸಲಾಗಿದ್ದಿತು. ವಿಗ್ರಹಾರಾಧನೆಯ ಶೋಧವು ಆರಂಭವಾದುದು ಇದಾದಮೇಲೆ. ಸ್ಪೇನಿನ ವಿದ್ವಾಂಸರಾದ ಆಂತೋನಿಯೊ ಅಕೋಸ್ತ ಅವರು ಈ ಪತ್ರಗಳನ್ನು ಪರಿಶೀಲಿಸಿ ಕಾಲಕ್ರಮವನ್ನು ಸ್ಪಷ್ಟಪಡಿಸಿದ್ದಾರೆ. ಆದುದರಿಂದ ದೂರು ಶೋಧದ ಫಲವಲ್ಲ. ಶೋಧವೇ ದೂರಿನ ಫಲವೆಂದು ನಿರ್ಣಯಿಸುವುದು ಯುಕ್ತ. ಹೀಗೆಂದಮಾತ್ರಕ್ಕೆ ಆವಿಲಾನಿಗೆ ತನ್ನ ಮತದಲ್ಲಿ ನಿಜವಾದ ಶ್ರದ್ಧೆಯಿರಲಿಲ್ಲವೆಂದು ಹೇಳಲಾಗದು. ಶ್ರದ್ಧೆಯೂ ಸ್ವಹಿತವೂ ಒಂದೇ ಬಂಡಿಗೆ ಹೂಡಿದ ಎತ್ತುಗಳಂತೆ ನಡೆಯುವುದನ್ನು ಎಲ್ಲ ಮತಗಳ ಇತಿಹಾಸದಲ್ಲಿಯೂ ಕಾಣಬಹುದು. ದೂರಿತ್ತವರಲ್ಲಿ ಕೆಲವರು ಮುಂದೆ ತಮ್ಮ ಮಾತನ್ನು ಹಿಂತೆಗೆದುಕೊಂಡರು, ಆವಿಲಾ ಬಿಡುಗಡೆಯಾದನು.

೧೬೦೯ರ ಅಕ್ಟೋಬರಿನಲ್ಲಿ ಬಾರ್ತೊಲೊಮೆ ಲೋಬೊ ಗೆರ್ರೆರೊ ಎಂಬ ಹೊಸ ಆರ್ಚ್‌ಬಿಷಪನು ಲೀಮಾಕ್ಕೆ ಬಂದನು. ಆವಿಲಾ ಬೆಟ್ಟಗಳಿಂದ ತರಿಸಿದ್ದ ಹುವಾಕಗಳನ್ನೂ ಪೂರ್ವಿಕರ ಶರೀರಗಳನ್ನೂ ಅವನಿಗೆ ತೋರಿಸಿದನು. ಆ ವರ್ಷದ ಡಿಸೆಂಬರ್ ತಿಂಗಳು ಹುವಾರೊಚಿರಿಯ ಜನರಿಗೆ ಎಂತಹುದಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಅವರ ಕುಲದ ಆದಿಪುರುಷರು ಹೇರಾಗಿ ಕಟ್ಟಲ್ಪಟ್ಟು ಕಣಿವೆಯಿಳಿದು ಕಡಲತೀರದ ಊರಿಗೆ ಹೋಗಿದ್ದರು. ಡಿಸೆಂಬರ್ ೨೦ನೆಯ ದಿನ ಲೀಮಾದ ಮುಖ್ಯಚೌಕದಲ್ಲಿ ವೈಸರಾಯ್ ಮೊಂತೆಸ್ಕ್ಲಾರೊಸನೂ ಆರ್ಚ್‌ಬಿಷಪನೂ ನೋಡುತ್ತಿರಲು, ಸುತ್ತಲಿನ ದೇಶೀಯರನ್ನೆಲ್ಲ ಕರೆಯಿಸಿ, ಅವರೆದುರಿಗೆ ಆವಿಲಾ ಕೆಚುವಾ ಭಾಷೆಯಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಉಪದೇಶಮಾಡಿದನು. ಬಳಿಕ ಆ ರಾಶಿಗೆ ಬೆಂಕಿಯಿಟ್ಟರು. ಚೌಪಿಞಮ್ಕದೇವಿಯ ಅರ್ಚಕನಾಗಿದ್ದ ಎರ್ನಾಂದೊ ಪೌಕರ್ ಎಂಬವನನ್ನು ಕಂಬಕ್ಕೆ ಕಟ್ಟಿ, ತಲೆಗೂದಲನ್ನು ಕತ್ತರಿಸಿ, ಇನ್ನೂರು ಛಡಿಯೇಟುಗಳನ್ನು ಹೊಡೆದು, ಚಿಲಿ ದೇಶದ ಯೇಸುಸಭೆಯವರ ಮಠಕ್ಕೆ ಗಡೀಪಾರು ಮಾಡಿದರು. ಈ ತಿಂಗಳಿನಿಂದಲೇ ಪೆರುವಿನಲ್ಲಿ ವಿಗ್ರಹನಿರ್ಮೂಲನವು ಒಂದು ಕ್ರಮಬದ್ಧವಾದ ಅಧಿಕಾರವಾಗಿ ಬೆಳೆಯಿತೆನ್ನಬಹುದು. ಆವಿಲಾ ಅದರ ಮೊದಲ ವಿಚಾರಣಾಧಿಕಾರಿಯಾದನು.

ಅದರ ಬೆಳವಣಿಗೆಯನ್ನು ಯೇಸುಸಭೆಯ ಪಾಬ್ಲೊ ಹೋಸೆ ದೆ ಆರಿಯಾಗಾ ೧೬೨೧ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ ಸವಿಸ್ತಾರವಾಗಿ ಕಾಣಬಹುದು. ಒಂದೂವರೆ ವರ್ಷದ ಸಂಚಾರದಲ್ಲಿ ಕೈವಶವಾದವುಗಳನ್ನು ಅವನು ಎಣಿಸಿ ಬರೆದಿದ್ದಾನೆ: ಮುಖ್ಯ ಹುವಾಕಗಳು ೬೦೩, ಮನೆಗಳಲ್ಲಿ ಪೂಜಿಸುತ್ತಿದ್ದ ‘ಕೊನೋಪ’ ಎಂಬ ಸಣ್ಣ ದೇವತೆಗಳು ೩೪೧೮, ಪೂರ್ವಿಕರ ಶರೀರಗಳು ೬೧೭. ವರ್ತಕನ ಖಾತೆಯಂತಿರುವ ಈ ಲೆಕ್ಕವನ್ನು ಓದುವಾಗ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಗುತ್ತದೆ. ಸುಡುವುದಕ್ಕೆ ಮೊದಲು ಹೆಸರನ್ನೂ ಸ್ಥಳವನ್ನೂ ಪೂಜಾವಿಧಿಯನ್ನೂ ಬರೆದುಕೊಳ್ಳಬೇಕೆಂಬುದು ಅವರ ಕ್ರಮವಾಗಿದ್ದಿತು. ನಾಶಮಾಡುವವನು ಪೂಜಿಸುವವನಿಗಿಂತಲೂ ನಿಷ್ಕೃಷ್ಟವಾದ ಪಟ್ಟಿಯನ್ನು ಇಟ್ಟುಕೊಳ್ಳಬೇಕಾಯಿತು.

ನಮ್ಮ ಗ್ರಂಥವು ಈ ಪಟ್ಟಿಗಳ ಜಾತಿಗೆ ಸೇರಿದುದಲ್ಲ. ಮೂವತ್ತೊಂದು ಅಧ್ಯಾಯಗಳೂ ಎರಡು ಪರಿಶಿಷ್ಟಗಳೂ ಉಳ್ಳ ಅದರ ಏಕೈಕ ಪ್ರತಿಯು ಈಗ ಸ್ಪೇನಿನ ಮದ್ರಿದ್ ನಗರದ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿ ೩೧೬೯ನೆಯ ಸಂಖ್ಯೆಯ ಕಟ್ಟಿನಲ್ಲಿದೆ. ಆವಿಲಾ ಅದರ ಮೊದಲ ಅಧ್ಯಾಯಗಳನ್ನು ಆಧರಿಸಿ ೧೬೦೮ರಲ್ಲಿ ಸ್ಪ್ಯಾನಿಷಿನಲ್ಲಿ ಒಂದು ಪ್ರಬಂಧವನ್ನು ಬರೆಯತೊಡಗಿ ಅರ್ಧದಲ್ಲಿಯೇ ನಿಲ್ಲಿಸಿದನು. ಅದೂ ಅದೇ ಕಟ್ಟಿನಲ್ಲಿದೆ. ಇವೆರಡನ್ನೂ ಎದುರುಬದುರಾಗಿಟ್ಟು ಓದಿದರೆ ಮೇಲೆ ಹೇಳಿದ ಶಂಕೆಗೆ ಬಹಳಮಟ್ಟಿಗೆ ಉತ್ತರ ದೊರೆಯುತ್ತದೆ. ಆವಿಲಾನ ಪ್ರಬಂಧದಲ್ಲಿ ಪ್ರತಿಯೊಂದು ಕಥೆಯ ಬೆನ್ನಿಗೂ ಖಂಡನೆಯಿದೆ. ಕೆಚುವಾ ಗ್ರಂಥದಲ್ಲಿ ಖಂಡನೆ ಇಲ್ಲವೆಂದಲ್ಲ. ಆದರೆ ಕಥೆಯ ಓಟಕ್ಕೆ ಅದು ಅಡ್ಡಬರುವುದಿಲ್ಲ. ಈ ಜನರ ಹಿರಿಯರಿಗೆ ಲಿಪಿಜ್ಞಾನವಿದ್ದಿದ್ದರೆ ಅವರ ಬಾಳು ಹೀಗೆ ಮರೆಯಾಗಿ ಹೋಗುತ್ತಿರಲಿಲ್ಲ ಎಂಬ ಅಳಲಿನಿಂದಲೇ ಗ್ರಂಥವು ಮೊದಲಾಗುತ್ತದೆ. ಆರೋಪಪಟ್ಟಿಯನ್ನು ಬರೆಯುವವನ ಮಾತು ಇದಲ್ಲ.

ಒಂದು ಕಥೆಯ ಸಾರವನ್ನು ಮಾದರಿಗಾಗಿ ಹೇಳುತ್ತೇನೆ. ಪರಿಯಕಾಕನು ಐದು ಮೊಟ್ಟೆಗಳಾಗಿ ಒಂದು ಬೆಟ್ಟದ ಮೇಲೆ ಹುಟ್ಟುವುದಕ್ಕೆ ಮೊದಲೇ ಅವನ ಮಗನಾದ ಹುವಾತ್ಯಕುರಿ ಲೋಕದಲ್ಲಿದ್ದನಂತೆ. (ತಂದೆಗಿಂತ ಮೊದಲೇ ಮಗನಿರುವುದನ್ನು ಪುರಾಣಗಳನ್ನೋದಿದ ನಾವು ಆಕ್ಷೇಪಿಸಬೇಕಾಗಿಲ್ಲ.) ಅವನು ಕಡುಬಡವ, ಮಣ್ಣಿನಲ್ಲಿ ಸುಟ್ಟ ಆಲೂಗೆಡ್ಡೆಯೇ ಅವನ ಆಹಾರ. ಒಂದು ದಿನ ಬೆಟ್ಟದಲ್ಲಿ ಮಲಗಿದ್ದಾಗ ಮೇಲಿನ ಸೀಮೆಯಿಂದ ಬಂದ ನರಿಯೊಂದು ಕೆಳಗಿನ ಸೀಮೆಯಿಂದ ಬಂದ ನರಿಯೊಂದರೊಡನೆ ಮಾತನಾಡುವುದು ಅವನ ಕಿವಿಗೆ ಬಿದ್ದಿತು. ದೇವರೆಂದು ಮೆರೆಯುತ್ತಿದ್ದ ತಮ್ತಞಮ್ಕನೆಂಬ ಸಿರಿವಂತನೊಬ್ಬನು ವಾಸಿಯಾಗದ ರೋಗದಿಂದ ನರಳುತ್ತಿದ್ದಾನೆ. ಅವನ ಹೆಂಡತಿಯ ಗುಟ್ಟಾದ ತಪ್ಪಿನಿಂದಾಗಿ ಮನೆಯ ಮಾಡಿನಲ್ಲಿ ಹಾವೂ ಬೀಸುವ ಕಲ್ಲಿನಡಿ ಎರಡು ತಲೆಯ ಕಪ್ಪೆಯೂ ಸೇರಿಕೊಂಡು ಅವನನ್ನು ತಿನ್ನುತ್ತಿವೆ. ಇದನ್ನು ಯಾರೂ ಅರಿಯರು ಎಂದು ಮೇಲಿನ ನರಿ ಹೇಳಿತು. ಹುವಾತ್ಯಕುರಿ ಅಲ್ಲಿಗೆ ಹೋಗಿ ರೋಗದ ಮೂಲವನ್ನು ಹೊರಗೆಡಹಿ, ಪ್ರತಿಫಲವಾಗಿ ಆ ಮನೆಯ ಕಿರಿಯ ಮಗಳನ್ನು ಪಡೆದನು. ಮೃಗಪಕ್ಷಿಗಳ ಸಂಭಾಷಣೆಯನ್ನು ಕದ್ದುಕೇಳಿ ಬಡವನು ಮೇಲೇರುವ ಕಥೆಗಳು ನಮ್ಮ ಕಥಾಸಾಹಿತ್ಯದಲ್ಲಿ ಬೇಕಾದಷ್ಟಿವೆ. ಇಲ್ಲಿಯ ವಿಶೇಷವೆಂದರೆ ಮೇಲಿನ ನರಿ, ಕೆಳಗಿನ ನರಿ ಎಂಬ ವಿಭಾಗ. ಹಿಮದ ಎತ್ತರಕ್ಕೂ ಕಡಲ ತೀರಕ್ಕೂ ನಡುವೆ ನೀರಿಗಾಗಿ, ಹೆಣ್ಣಿಗಾಗಿ, ಧಾನ್ಯಕ್ಕಾಗಿ ನಡೆಯುವ ಕೊಡುಕೊಳೆಯೇ ಗ್ರಂಥದ ಉದ್ದಕ್ಕೂ ಹರಿದಿರುವ ವಿಷಯ. ಪೆರುವಿನ ಹೋಸೆ ಮರಿಯಾ ಅರ್ಗೇದಾಸ್ ಎಂಬ ಕಾದಂಬರಿಕಾರರು ಈ ಗ್ರಂಥವನ್ನು ೧೯೬೬ರಲ್ಲಿ ಸ್ಪ್ಯಾನಿಷಿಗೆ ಅನುವಾದಿಸಿದುದಲ್ಲದೆ, ಮರಣಾನಂತರ ೧೯೭೧ರಲ್ಲಿ ಪ್ರಕಟವಾದ ತಮ್ಮ ಕಡೆಯ ಕಾದಂಬರಿಗೆ ಈ ಎರಡು ನರಿಗಳ ಹೆಸರನ್ನೇ ಇಟ್ಟರು.

ಶಬ್ದಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಕೆಚುವಾ ಭಾಷೆಯು ನಮ್ಮ ಭಾಷೆಯಂತೆ ಪ್ರಕೃತಿಗೆ ಪ್ರತ್ಯಯಗಳನ್ನು ಒಂದರಮೇಲೊಂದಾಗಿ ಹಚ್ಚಿಕೊಂಡು ನಡೆಯುವ ಭಾಷೆ. ಕೇಳುವವನನ್ನು ಒಳಗೊಂಡ ‘ನಾವು’ ಬೇರೆ, ಅವನನ್ನು ಹೊರತುಮಾಡಿದ ‘ನಾವು’ ಬೇರೆ. ತೆಲುಗಿನ ‘ಮನಮು’, ‘ಮೇಮು’ಗಳಂತೆ. ಆದುದರಿಂದಲೇ ಪ್ರಾರ್ಥನೆಯಲ್ಲಿ ದೇವರನ್ನು ‘ನಮ್ಮ ತಂದೆ’ ಎಂದು ಕರೆಯುವಾಗ ಪಾದ್ರಿಗಳು ‘ಯಾಯಾಯ್ಕು’ ಎಂಬ ಎರಡನೆಯ ಬಗೆಯ ರೂಪವನ್ನು ಬಳಸಬೇಕಾಯಿತು. ಮೊದಲನೆಯದನ್ನು ಬಳಸಿದರೆ ದೇವರು ತನಗೆ ತಾನೇ ತಂದೆಯಾಗುತ್ತಾನೆ. ಇದಕ್ಕಿಂತಲೂ ಪ್ರಕೃತಕ್ಕೆ ಉಪಯುಕ್ತವಾದುದು ‘ಮಿ’, ‘ಸಿ’ ಎಂಬ ಎರಡು ಪ್ರತ್ಯಯಗಳು. ತಾನು ಕಂಡು ಬಲ್ಲುದನ್ನು, ನಿಶ್ಚಯವಾದುದನ್ನು ಹೇಳುವವನು ‘ಮಿ’ ಸೇರಿಸುತ್ತಾನೆ; ಇತರರಿಂದ ಕೇಳಿದುದನ್ನು ಹೇಳುವವನು ‘ಸಿ’ ಸೇರಿಸುತ್ತಾನೆ. ನಮ್ಮ ‘ಅಂತೆ’ಗೂ ಈ ‘ಸಿ’ಗೂ ಅರ್ಥದಲ್ಲಿ ಕೂದಲೆಳೆಯ ಭೇದವೂ ಇಲ್ಲ. ಪಾಣಿನಿಯು ಕಣ್ಣಿಗೆ ಬೀಳದ ಭೂತಕಾಲಕ್ಕೆ ಲಿಟ್ ಲಕಾರವನ್ನು ಪ್ರತ್ಯೇಕವಾಗಿ ವಿಧಿಸಿದುದನ್ನೂ ಇಲ್ಲಿ ಸ್ಮರಿಸಬಹುದು. ಪ್ರತ್ಯಕ್ಷ, ಐತಿಹ್ಯಗಳ ವಿವೇಕವನ್ನು ನಮ್ಮಲ್ಲಿ ತಾರ್ಕಿಕರು ಮಾಡಿದರೆ ಆ ಬೆಟ್ಟದಲ್ಲಿ ಕುರಿ ಕಾಯುವವನ ನಾಲಗೆಯೂ ವಾಕ್ಯವಾಕ್ಯದಲ್ಲಿ ಮಾಡುತ್ತದೆ.

ಈಗ ಗ್ರಂಥವನ್ನು ನೋಡಿದರೆ, ಪರಿಯಕಾಕನ ಹುಟ್ಟು, ಬೆಂಕಿಯ ದೇವತೆಯಾದ ಹುವಾಯಾಯೊನೊಡನೆ ಅವನ ಯುದ್ಧ ಮೊದಲಾದ ಪ್ರಾಚೀನಕಥೆಗಳಲ್ಲಿ ಪ್ರಾಯಿಕವಾಗಿ ‘ಸಿ’ ಕಾಣುತ್ತದೆ. ಊರಿನ ಸ್ಥಳಗಳನ್ನೂ ಬರೆಯುವವನ ಕಾಲದ ಆಚಾರಗಳನ್ನೂ ಹೇಳುವಲ್ಲಿ ‘ಮಿ’ ಬರುತ್ತದೆ. ಧರ್ಮಸಭೆಯ ಬೋಧನಗ್ರಂಥಗಳಲ್ಲಾದರೋ ಲೋ‌ಕಸೃಷ್ಟಿಯೇ ಮೊದಲಾಗಿ ಯಾರ ಕಣ್ಣಿಗೂ ಬೀಳದ ಸಂಗತಿಗಳೂ ಸಾಮಾನ್ಯವಾಗಿ ‘ಮಿ’ ಎಂದೇ ಉಕ್ತವಾಗಿವೆ. ಪಾದ್ರಿಯ ದೃಷ್ಟಿಯಲ್ಲಿ ಅದು ಸಾಧುವೇ. ಆಪ್ತವಾಕ್ಯವು ಪ್ರತ್ಯಕ್ಷದಷ್ಟೇ ಪ್ರಬಲವಾದ ಪ್ರಮಾಣವೆಂದು ನಾವೂ ಹೇಳುತ್ತೇವೆ. ಆದರೆ ಕೆಚುವಾ ಶ್ರೋತೃವಿಗೆ ಈ ಎರಡು ಬಗೆಯ ಮಾತುಗಳ ಅಂತರವು ಕಿವಿಗೆ ತಟ್ಟದೆ ಇದ್ದಿರಲಾರದು. ತನ್ನ ಅಜ್ಜನು ಸೃಷ್ಟಿಯ ಕಥೆಯನ್ನು ‘ಅಂತೆ’ ಎಂದು ವಿನಯದಿಂದ ಹೇಳುತ್ತಿದ್ದನು. ಹೊಸ ಗುರುವು ‘ಅಂತೆ’ ಇಲ್ಲದೆ ಹೇಳುತ್ತಿದ್ದಾನೆ. ಗ್ರಂಥಕರ್ತನು ಕ್ರೈಸ್ತನಾಗಿದ್ದೂ ಪೂರ್ವಿಕರ ಕಥೆಗಳಿಗೆ ಭಾಷೆಯ ಸಹಜವಾದ ಪ್ರತ್ಯಯವನ್ನೇ ಉಳಿಸಿದ್ದಾನೆ. ಸುಳ್ಳೆಂದು ಸಾಧಿಸುವುದಕ್ಕಾಗಿ ಅದನ್ನು ಸೇರಿಸಿಲ್ಲ. ಆ ಜನರೇ ಹಾಗೆ ಹೇಳುತ್ತಿದ್ದರು. ಇದರಿಂದ, ಹೇಳಿದವರ ಬಾಯಿಮಾತು ಬಹುಮಟ್ಟಿಗೆ ಹಾಗೆಯೇ ಲಿಪಿಗೆ ಇಳಿದಿದೆಯೆಂದು ಈ ಲೇಖಕನಿಗೆ ತೋರುತ್ತದೆ.

ಗ್ರಂಥಕರ್ತನಾರು? ಕೆನಡಾ ದೇಶದ ಆಲನ್ ಡರ್ಸ್ಟನ್ ಎಂಬ ವಿದ್ವಾಂಸರು ಸಾನ್ ದಾಮಿಯಾನಿನ ಇತರ ಕಾಗದಪತ್ರಗಳೊಡನೆ ಹೋಲಿಸಿ, ಆವಿಲಾನಿಗೆ ಸುದ್ದಿ ಮುಟ್ಟಿಸಿದ ಕ್ರಿಸ್ತೋಬಾಲ್ ಚೋಕೆಕಾಸನೇ ಇದನ್ನು ಬರೆದವನೆಂದು ವಾದಿಸಿದ್ದಾರೆ. ವಾದವು ಬಲವಾದುದು. ಇದನ್ನೊಪ್ಪಿದರೆ ಇಪ್ಪತ್ತು ಮತ್ತು ಇಪ್ಪತ್ತೊಂದನೆಯ ಅಧ್ಯಾಯಗಳಿಗೆ ಹೊಸ ಅರ್ಥವೇ ಬರುತ್ತದೆ. ಅವುಗಳಲ್ಲಿರುವುದು ಚೋಕೆಕಾಸನ ಕಥೆಯೇ. ಅವನ ತಂದೆಯು ಹುವಾಕಗಳಿಗೆ ವಿರೋಧಿಯಾಗಿದ್ದು, ಕಡೆಗಾಲದ ರೋಗದಲ್ಲಿ ಮತ್ತೆ ಅವುಗಳಿಗೇ ಶರಣಾದನು. ಅವನು ಈಗ ಎಲ್ಲಿರುವನೋ ದೇವರೇ ಬಲ್ಲನೆಂಬ ಅರ್ಥದ ಮಾತೊಂದು ಅಲ್ಲಿ ಬರುತ್ತದೆ. ಕ್ರೈಸ್ತಮತದ ಪ್ರಕಾರ ಅವನಿಗೆ ನರಕವೆಂದು ಬರೆಯಬೇಕಾಗಿದ್ದಿತು. ಮಗನ ಲೇಖನಿಯು ಅಷ್ಟು ದೂರ ಹೋಗಲಿಲ್ಲ. ಒಂದು ರಾತ್ರಿ ಯೊಕ್ಲಾಯ್‌ಹುವಾಂಕುಪ ಎಂಬ ಹುವಾಕದ ಪಾಳುಮನೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಬೆಳಕೊಂದು ಚೋಕೆಕಾಸನ ಕಣ್ಣುಕುಕ್ಕಿತು. ಅವನು ಕಲಿತ ಪ್ರಾರ್ಥನೆಗಳನ್ನೆಲ್ಲ ಒಂದಾದಮೇಲೊಂದಾಗಿ ಹೇಳುತ್ತ ನಡುಗಿದನು. ಕಡೆಗೆ ಮರಿಯಮ್ಮನ ನಾಮಬಲದಿಂದ ಅದು ತೊಲಗಿತು. ಮರುದಿನ ಊರವರಿಗೆಲ್ಲ ಹುವಾಕವು ಸುಪಾಯ್ ಎಂದು ಸಾರಿದನು. ಆದರೂ ರಾತ್ರಿ ಕನಸಿನಲ್ಲಿ ಅದು ಪುನಃ ಬಂದಿತು. ಪುನಃ ವಾದ, ಪುನಃ ಹೋರಾಟ.

ಇಲ್ಲಿ ವಿಚಾರಮಾಡಬೇಕಾದುದು ಒಂದು. ಚೋಕೆಕಾಸನು ಹುವಾಕವನ್ನು ಇಲ್ಲವೆಂದು ಹೇಳುವುದಿಲ್ಲ. ಇದೆ, ಬಲವುಳ್ಳದ್ದು, ಮಾತನಾಡುತ್ತದೆ, ಆದರೆ ಸುಪಾಯ್ ಎಂದು ಹೇಳುತ್ತಾನೆ. ಮಿಥ್ಯೆಯೆಂದು ಸಾಧಿಸಿದ್ದರೆ ಹೋರಾಟಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಪಾದ್ರಿಗಳು ಕೊಟ್ಟ ಸುಪಾಯ್ ಎಂಬ ಹೆಸರೇ ಹುವಾಕಕ್ಕೆ ಹೊಸ ಧರ್ಮದಲ್ಲಿ ಒಂದು ನಿವೇಶನವನ್ನು ಒದಗಿಸಿತು. ಪೂಜೆಯಿಂದ ಹೊರಬಿದ್ದ ದೇವತೆಯು ಭಯದೊಳಕ್ಕೆ ಸೇರಿಕೊಂಡಿತು. ಆಗಿನ ಪಾದ್ರಿಗಳೂ ಹುವಾಕಗಳ ಬಾಯಿಂದ ಸೈತಾನನು ನುಡಿಯುವನೆಂದು ನಂಬಿದ್ದವರೇ. ಹೀಗಾಗಿ ಬೋಧಿಸುವವನೂ ಕೇಳುವವನೂ ಹುವಾಕದ ಅಸ್ತಿತ್ವದಲ್ಲಿ ಒಮ್ಮತವುಳ್ಳವರಾಗಿದ್ದರು; ಭಿನ್ನಾಭಿಪ್ರಾಯವಿದ್ದುದು ಅದರ ಸ್ವಭಾವದಲ್ಲಿ ಮಾತ್ರ. ಬೆಂಕಿಯಿಂದ ಮುಗಿಯದ ಕೆಲಸವು ಇದು. ಆವಿಲಾ ಮುಂದೆ ಲಾ ಪ್ಲಾತಾದಲ್ಲಿಯೂ ಬಳಿಕ ಲೀಮಾದ ಪ್ರಧಾನದೇವಾಲಯದಲ್ಲಿಯೂ ದೊಡ್ಡ ಪದವಿಯಲ್ಲಿದ್ದು ೧೬೪೭ರಲ್ಲಿ ತೀರಿಕೊಂಡನು. ಕೆಚುವಾ, ಸ್ಪ್ಯಾನಿಷ್ ಭಾಷೆಗಳಲ್ಲಿ ೧೬೪೬ರಲ್ಲಿಯೂ ೧೬೪೮ರಲ್ಲಿಯೂ ಹೊರಬಂದ ಅವನ ಉಪದೇಶಸಂಗ್ರಹದಲ್ಲಿ, ಲೀಮಾದ ಚೌಕದಲ್ಲಿ ಬೆಂಕಿಯೆದ್ದು ಸುಮಾರು ನಲವತ್ತು ವರ್ಷಗಳಾದ ಮೇಲೂ, ಹುವಾಕಗಳನ್ನು ಬಿಡಿರೆಂಬ ಬೋಧೆ ನಡೆದೇ ಇದೆ.

ಗ್ರಂಥವು ಶತಮಾನಗಳ ಕಾಲ ಕಟ್ಟಿನೊಳಗೇ ಮಲಗಿದ್ದಿತು. ಆವಿಲಾನ ಅರ್ಧಪ್ರಬಂಧವನ್ನು ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಆಂಗ್ಲೇಯನು ೧೮೭೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕೆಚುವಾ ಮೂಲವನ್ನು ಹೆರ್ಮನ್ ಟ್ರಿಂಬೋರ್ನ್ ೧೯೩೯ರಲ್ಲಿ ಜರ್ಮನ್ ಭಾಷೆಗೆ ತಂದನು. ೧೯೯೧ರಲ್ಲಿ ಫ್ರಾಂಕ್ ಸಾಲೊಮನ್, ಜಾರ್ಜ್ ಉರಿಯೋಸ್ತೆ ಎಂಬವರ ಸಟಿಪ್ಪಣವಾದ ಇಂಗ್ಲಿಷ್ ಅನುವಾದವು ಬಂದಿತು.

ಇದೇ ಸಾಲೊಮನ್ ಅವರು ಮುಂದೆ ಹುವಾರೊಚಿರಿ ಸೀಮೆಯ ತುಪಿಕೋಚ ಎಂಬ ಊರಿನಲ್ಲಿದ್ದು ಕಂಡುದನ್ನು ೨೦೦೪ರ ತಮ್ಮ ಪುಸ್ತಕದಲ್ಲಿ ತಿಳಿಸಿದ್ದಾರೆ. ಲಿಪಿಯಿಲ್ಲದ ಕಾಲದಲ್ಲಿ ಈ ಜನರು ಲೆಕ್ಕವನ್ನೂ ನೆನಪನ್ನೂ ‘ಕೀಪು’ ಎಂಬ ಗಂಟುದಾರಗಳಲ್ಲಿ ಇರಿಸುತ್ತಿದ್ದರು. ಪಾಪನಿವೇದನೆಗೆ ಬಂದ ಹೆಂಗಸೊಬ್ಬಳು ತನ್ನ ಇಡೀ ಜೀವಮಾನದ ತಪ್ಪುಗಳನ್ನು ಒಂದು ಹಿಡಿ ದಾರಗಳಲ್ಲಿ ತಂದಿದ್ದುದನ್ನು ಹೋಸೆ ದೆ ಅಕೋಸ್ತ ಎಂಬ ಪಾದ್ರಿಯು ೧೫೯೦ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ತುಪಿಕೋಚದಲ್ಲಿ ಒಂದೊಂದು ಬಳಿಯವರೂ ತಮ್ಮ ತಮ್ಮ ಗಂಟುದಾರವನ್ನು ಕಾಪಾಡಿಕೊಂಡು ಬಂದು, ಪ್ರತಿವರ್ಷವೂ ಜನವರಿಯ ಮೊದಲ ದಿನಗಳಲ್ಲಿ ನಡೆಯುವ ಊರಸಭೆಯಲ್ಲಿ ಹೊಸ ಅಧಿಕಾರಿಗಳ ಹೆಗಲಿಗೆ ಅದನ್ನು ತೊಡಿಸುತ್ತಿದ್ದರು. ಗಂಟುಗಳನ್ನು ಓದಬಲ್ಲವರು ಅವರಲ್ಲಿ ಉಳಿದಿರಲಿಲ್ಲ. ಆ ಬಳಿಗಳ ಹೆಸರುಗಳನ್ನು ಮದ್ರಿದ್ ಪ್ರತಿಯೊಡನೆ ತಾಳೆನೋಡಿದಾಗ ಬಹುಮಟ್ಟಿಗೆ ಅವೇ ಹೆಸರುಗಳು.